ಸ್ಟರ್ನ್‌ಡ್ರೈವ್ ಬೋಟಲ್ಲಿ ನೀರು ಸೋರ್ತಿದ್ರೆ ಎಲ್ಲಿ ಹುಡುಕ್ಬೇಕು, ಹೇಗೆ ಸರಿ ಮಾಡ್ಬೇಕು

ಮಳೆಗಾಲದಲ್ಲಿ ಒಂದಿನ ಬೆಳಗ್ಗೆ ಆರು ಗಂಟೆಗೇ ಫೋನ್ ಬಂತು, "ಅಣ್ಣ, ಬೋಟ್ ಹಿಂದ್ಗಡೆ ಕೂತ್ಬಿಟ್ಟಿದೆ, ಬೇಗ ಬನ್ನಿ" ಅಂತ. ಮೈಸೂರಿಂದ ಎಚ್.ಡಿ. ಕೋಟೆ ರೋಡ್ ಹಿಡ್ಕೊಂಡು ಕಬಿನಿ ಹಿನ್ನೀರು ಸೇರೋ ಹೊತ್ತಿಗೆ ಬೋಟಿನ ಮೂತಿ ಮೇಲೆದ್ದು ಹಿಂಭಾಗ ಪೂರ್ತಿ ನೀರೊಳಗಿತ್ತು, ಇಂಜಿನ್ ಕವರ್ ಅರ್ಧ ಕಾಣ್ತಿತ್ತು. ಹತ್ತೊಂಬತ್ತು ಅಡಿ ಫೈಬರ್ ಬೋಟು, ಒಳಗೆ ಪೆಟ್ರೋಲ್ ಇಂಜಿನ್, ಹಿಂದೆ ಸ್ಟರ್ನ್‌ಡ್ರೈವ್, ಅಂದ್ರೆ ಪ್ರೊಪೆಲ್ಲರ್ ಇರೋ ಕಾಲು ಮಾತ್ರ ಹೊರಗೆ, ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ದಡಕ್ಕೆಳೆದು ನೀರು ಖಾಲಿ ಮಾಡಿ ನೋಡಿದ್ರೆ ಟ್ರಾನ್ಸಮ್, ಅಂದ್ರೆ ಬೋಟಿನ ಹಿಂಗೋಡೆ, ಅದ್ರ ಪ್ಲೇಟ್ ಸುತ್ತ ಯಾರೋ ಬಿಳಿ ಸೀಲಂಟ್‌ನ ಕೇಕ್ ಮೇಲೆ ಕ್ರೀಮ್ ಬಳಿದ ಹಾಗೆ ದಪ್ಪಗೆ ಬಳಿದಿದ್ರು, ಸೋರ್ತಿದ್ದಿದ್ದು ಅಲ್ಲಲ್ಲ, ಅದ್ರಿಂದ ಒಂದು ಗೇಣು ದೂರದಲ್ಲಿ, ಗೇರ್ ಕೇಬಲ್ ಹೋಗೋ ಹೆಬ್ಬೆರಳು ಗಾತ್ರದ ಸಣ್ಣ ರಬ್ಬರ್ ಬೆಲ್ಲೋಸಲ್ಲಿ (ಮಡಿಕೆ ಮಡಿಕೆ ಇರೋ ರಬ್ಬರ್ ಕೊಳವೆ). ಎರಡು ವಾರದಿಂದ ಸೋರ್ತಾನೇ ಇತ್ತಂತೆ, ಆದ್ರೆ ಬಿಲ್ಜಲ್ಲಿ, ಅಂದ್ರೆ ಬೋಟಿನ ಒಳತಳದಲ್ಲಿ, ಫ್ಲೋಟ್ ಸ್ವಿಚ್ ಇರೋ ಪಂಪು ನೀರೇರಿದ ತಕ್ಷಣ ತಾನೇ ಆನಾಗಿ ನೀರು ಹೊರಗೆ ಹಾಕ್ತಿತ್ತು, ಅದಕ್ಕೇ ಯಾರ ಕಣ್ಣಿಗೂ ಬೀಳ್ಲಿಲ್ಲ, ಮೋಡ ಮುಚ್ಕೊಂಡು ಟ್ರಿಪ್ಪೂ ಇಲ್ಲದೆ ಬ್ಯಾಟರಿ ಚಾರ್ಜೂ ಆಗದೆ ಒಂದು ರಾತ್ರಿ ಪಂಪು ನಿಂತ್ಹೋಯ್ತು, ಬೆಳಗಾಗೋದ್ರಲ್ಲಿ ಸ್ಟಾರ್ಟರ್ ಮೋಟ್ರು, ವೈರಿಂಗು ಎಲ್ಲ ನೀರುಪಾಲು.

ಅವತ್ತಿಂದ ಯಾರು ಕೇಳಿದ್ರೂ ನಾನು ಹೇಳೋದು ಒಂದೇ ಮಾತು, ನೀರು ಎಲ್ಲಿಂದ ಬರ್ತಿದೆ ಅಂತ ಕಣ್ಣಾರೆ ನೋಡೋ ತನಕ ಸೀಲಂಟ್ ಟ್ಯೂಬಿನ ಮೂತಿ ಕತ್ತರಿಸ್ಬೇಡಿ. ನಮ್ಮ ಕಡೆ ಸ್ಟರ್ನ್‌ಡ್ರೈವ್ ಬೋಟು ಕಮ್ಮಿ, ಹೆಚ್ಚಿನವು ಔಟ್‌ಬೋರ್ಡೇ, ಅದಕ್ಕೆ ಇದನ್ನ ಕಂಡವರೂ ಕಮ್ಮಿ, ಕಾರ್ ಮೆಕ್ಯಾನಿಕ್ಕನ್ನೇ ಕರ್ಕೊಂಡ್ಬಂದು ತೋರ್ಸೋದು ಜಾಸ್ತಿ. ಅವ್ರು ಇಂಜಿನ್ ಚೆನ್ನಾಗೇ ನೋಡ್ತಾರೆ, ಆದ್ರೆ ಸೋರೋದು ಇಂಜಿನ್ ಹಿಂದೆ ಬೋಟಿನ ಗೋಡೆ ದಾಟೋ ಜಾಗದಲ್ಲಿ, ಅದು ಕಾರಲ್ಲಿ ಇರೋದೇ ಇಲ್ಲ. ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದಲು ಇದು ಹೇಗಿರುತ್ತೆ ಅಂತ ತಿಳ್ಕೊಳ್ಳಿ. ಔಟ್‌ಬೋರ್ಡಲ್ಲಿ ಇಂಜಿನ್ನು, ಗೇರು, ಫ್ಯಾನು ಎಲ್ಲ ಬೋಟಿಂದ ಆಚೆ ನೇತಾಡ್ತಿರುತ್ತೆ, ಬೋಟಿನ ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆಯೋದು ಬೇಡ. ಸ್ಟರ್ನ್‌ಡ್ರೈವಲ್ಲಿ ಇಂಜಿನ್ ಒಳಗೆ, ಗೇರು ಮತ್ತೆ ಪ್ರೊಪೆಲ್ಲರ್ ಇರೋ ಕಾಲು ಹೊರಗೆ, ಮಧ್ಯೆ ಬೋಟಿನ ಹಿಂಗೋಡೆ, ಅದೇ ಟ್ರಾನ್ಸಮ್. ಆ ಗೋಡೆಯಲ್ಲಿ ದೊಡ್ಡದೊಂದು ಕಿಂಡಿ ಕೊರೆದು ಗಿಂಬಲ್ ಹೌಸಿಂಗ್ ಅನ್ನೋ ಅಲ್ಯೂಮಿನಿಯಂ ಎರಕದ ತುಂಡನ್ನ ಕೂರಿಸಿರ್ತಾರೆ, ಅದ್ರ ಆಚೆಗೆ ಬೆಲ್ ಹೌಸಿಂಗು, ಅದಕ್ಕೆ ಆ ಕಾಲು, ಅಂದ್ರೆ ಡ್ರೈವು. ಡ್ರೈವು ಎಡಕ್ಕೆ ಬಲಕ್ಕೆ ತಿರುಗ್ಬೇಕು, ಮೇಲೆ ಕೆಳಗೆ ಎದ್ದು ಇಳೀಬೇಕು, ಅದಕ್ಕೆ ಗಿಂಬಲ್ ಹೌಸಿಂಗಿಗೂ ಬೆಲ್ ಹೌಸಿಂಗಿಗೂ ನಡುವೆ ಗಟ್ಟಿ ಪೈಪ್ ಇಡೋಕಾಗಲ್ಲ, ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆ ಇರೋ ರಬ್ಬರ್ ಬೆಲ್ಲೋಸ್ ಹಾಕಿರ್ತಾರೆ. ಸಾಮಾನ್ಯವಾಗಿ ಮೂರು ಇರುತ್ತೆ. ಇಂಜಿನ್ನಿಂದ ಡ್ರೈವಿಗೆ ತಿರುಗೋ ಶಕ್ತಿ ಒಯ್ಯೋ ಯೂ-ಜಾಯಿಂಟ್ ಶಾಫ್ಟ್ ಹೋಗೋದಕ್ಕೆ ಒಂದು, ಹೊಗೆ ಹೋಗೋದಕ್ಕೆ ಒಂದು, ಗೇರ್ ಕೇಬಲ್ಲಿಗೆ ಒಂದು ಸಣ್ಣದು. ಬೋಟ್ ನೀರಲ್ಲಿ ನಿಂತಿದ್ರೆ ಇವು ನೀರಿನ ಮಟ್ಟದಿಂದ ಕೆಳಗೇ ಇರೋದು, ಅಂದ್ರೆ ಹಗಲು ರಾತ್ರಿ ಹೊರಗಿನ ನೀರನ್ನ ತಡೆದು ನಿಲ್ಸಿರೋದು ಮೂರು ನಾಲ್ಕು ಮಿಲಿಮೀಟರ್ ರಬ್ಬರು.

ಇದ್ರಲ್ಲಿ ಹೊಗೆ ಬೆಲ್ಲೋಸ್ ಹರಿದ್ರೆ ಬೋಟ್ ಮುಳುಗಲ್ಲ, ಅದ್ರೊಳಗೆ ಹೇಗೂ ನೀರು, ಹೊಗೆ ಎರಡೂ ಓಡಾಡೋದೇ, ಸೌಂಡ್ ಜಾಸ್ತಿ ಆಗುತ್ತೆ, ಬಿಸಿ ಹೊಗೆ ಪಕ್ಕದ ಬೆಲ್ಲೋಸಿಗೆ ಬಡಿದು ಅದನ್ನೂ ಹಾಳ್ಮಾಡುತ್ತೆ ಅಷ್ಟೆ. ಮಿಕ್ಕ ಎರಡು ಹರಿದ್ರೆ ಮಾತ್ರ ನೀರು ಬೋಟೊಳಗೇ ಬರೋದು.

ಯಾವಾಗ ಸೋರುತ್ತೆ?

ಎಲ್ಲಿ ಅಂತ ಕೇಳೋಕ್ಕಿಂತ ಮುಂಚೆ ಯಾವಾಗ ಅಂತ ಕೇಳ್ಕೊಳ್ಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಬೋಟ್ ಸುಮ್ನೆ ಕಟ್ಟಿಹಾಕಿದಾಗಲೂ ನೀರು ತುಂಬ್ತಿದ್ರೆ ಅದು ನೀರಿನ ಮಟ್ಟದಿಂದ ಕೆಳಗಿರೋ ಜಾಗ, ಯೂ-ಜಾಯಿಂಟ್ ಬೆಲ್ಲೋಸ್, ಗೇರ್ ಕೇಬಲ್ ಬೆಲ್ಲೋಸ್, ಟ್ರಾನ್ಸಮ್ ಗ್ಯಾಸ್ಕೆಟ್ಟು, ಇಲ್ಲಾ ತಳದಲ್ಲಿರೋ ಡ್ರೈನ್ ಪ್ಲಗ್ಗು. ನಿಂತಾಗ ಒಂದು ಹನಿಯೂ ಇಲ್ಲ, ಇಂಜಿನ್ ಆನ್ ಮಾಡಿದ್ರೆ ಮಾತ್ರ ಬರುತ್ತೆ ಅಂದ್ರೆ ಅದು ಇಂಜಿನ್ ತಣ್ಣಗಿಡೋಕೆ ಹೊರಗಿಂದ ಎಳ್ಕೊಳ್ಳೋ ನೀರು, ಹೋಸು, ಕ್ಲಿಪ್ಪು, ವಾಟರ್ ಪಂಪ್ ಸೀಲು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ನೋಡಿ. ಸ್ಪೀಡಲ್ಲಿ ಹೋದಾಗ ಮಾತ್ರ ಅಂದ್ರೆ ಸ್ಪೀಡೋಮೀಟರಿನ ಸಣ್ಣ ಟ್ಯೂಬ್ ನೋಡಿ, ಡ್ರೈವಿನ ಮುಂದೆ ಸೂಜಿಗಾತ್ರದ ತೂತಿಂದ ನೀರಿನ ಒತ್ತಡ ಆ ಟ್ಯೂಬಲ್ಲಿ ಮೀಟರ್ ತನಕ ಹೋಗೋದು, ಒಳಗೆಲ್ಲೋ ಟ್ಯೂಬ್ ಕಿತ್ಕೊಂಡಿದ್ರೆ ಸ್ಪೀಡ್ ಹೆಚ್ಚಿದಷ್ಟೂ ಪಿಚಕಾರಿ ಥರ ಹೊಡೆಯುತ್ತೆ, ನಿಂತ ತಕ್ಷಣ ಬಂದ್. ಇನ್ನೊಂದು, ಜೋರಾಗಿ ಹೋಗ್ತಿದ್ದು ಥಟ್ಟಂತ ಥ್ರಾಟಲ್ ಬಿಟ್ರೆ ಹಿಂದಿನ ಅಲೆ ಬಂದು ಟ್ರಾನ್ಸಮ್ಮಿಗೆ ಬಡಿಯುತ್ತಲ್ಲ, ಆಗ ಮಾತ್ರ ಅಥವಾ ರಿವರ್ಸ್ ಹಾಕಿದಾಗ ಮಾತ್ರ ಒಂದೆರಡು ಲೋಟ ನೀರು ಬರುತ್ತೆ ಅಂದ್ರೆ ಮೇಲ್ಗಡೆ ಸ್ಟೇರಿಂಗ್ ಶಾಫ್ಟ್ ಗೋಡೆ ದಾಟೋ ಜಾಗದ ಸೀಲ್ ಸವೆದಿದೆ.

ಮಳೆ ನೀರನ್ನೂ ಲೆಕ್ಕಕ್ಕಿಟ್ಕೊಳ್ಳಿ. ಸಮುದ್ರದ ಕಡೆ ಆದ್ರೆ ಬೆರಳಿಗೆ ಹಚ್ಕೊಂಡು ನಾಲಗೆಗಿಟ್ರೆ ಉಪ್ಪೋ ಸಪ್ಪೆಯೋ ಗೊತ್ತಾಗ್ಬಿಡುತ್ತೆ, ಕಾವೇರಿ ಕಬಿನಿಯಲ್ಲಿ ಆ ಉಪಾಯ ನಡೆಯಲ್ಲ, ಮಳೆದೂ ಹೊಳೆದೂ ಎರಡೂ ಸಿಹಿನೀರೇ. ಟಾರ್ಪಾಲ್ ಸರಿಯಾಗಿ ಕಟ್ಟಿ ಎರಡು ದಿನ ನೋಡಿ, ಆಮೇಲೆ ತೀರ್ಮಾನ ಮಾಡಿ.

ಹುಡುಕೋದು

ಇಂಜಿನ್ ಕವರ್ ಎತ್ತಿ ಸ್ವಲ್ಪ ಹೊತ್ತು ಗಾಳಿಯಾಡೋಕೆ ಬಿಡಿ, ಆಮೇಲೆ ಬ್ಯಾಟರಿ ವೈರ್ ಬಿಚ್ಚಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜಲ್ಲಿ ಕೂತಿರುತ್ತೆ, ಒಂದು ಕಿಡಿ ಸಾಕು. ಆಮೇಲೆ ಒಳಗಿನ ನೀರು, ಎಣ್ಣೆ, ಕೆಸರು ಎಲ್ಲ ತೆಗೆದು ಸೋಪಿನ ನೀರಲ್ಲಿ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಇದು ಬೇಜಾರಿನ ಕೆಲಸ, ಎಲ್ಲರೂ ಬಿಟ್ಬಿಡೋದು ಇದನ್ನೇ, ಆದ್ರೆ ಎಣ್ಣೆ ಜಿಡ್ಡಿರೋ ಬಿಲ್ಜಲ್ಲಿ ಹೊಸ ನೀರು ಹರಿದ ದಾರಿ ಕಾಣೋದೇ ಇಲ್ಲ.

ಕಾವೇರಿ ದಡದಲ್ಲಿ ತೆಪ್ಪ ರಿಪೇರಿ ಮಾಡ್ತಿದ್ದ ಒಬ್ಬ ತಾತ ನಂಗೆ ಹೇಳಿದ್ದು ಈಗ್ಲೂ ನೆನಪಿದೆ, "ನೀರ್ ಕಾಣೋ ತಾವೇ ತೂತ್ ಇರಾಕಿಲ್ಲ ಕನ್ಲಾ ಮಗ, ಅದು ಬಂದ್ ದಾರಿ ನೋಡು." ತೆಪ್ಪಕ್ಕೆ ಟಾರು ಬಳಿಯೋಕ್ಕಿಂತ ಮುಂಚೆ ಅವ್ರು ಅದನ್ನ ಬಿಸಿಲಿಗೆ ಮಗುಚಿ ಹಾಕಿ ಒಣಗಿಸ್ತಿದ್ರು, ಬೆರಳಲ್ಲಿ ಸವರಿ ಸವರಿ ನೋಡ್ತಿದ್ರು. ಇಲ್ಲೂ ಅದೇನೇ. ಟ್ರಾನ್ಸಮ್ ಒಳಮೈ ಮೇಲೆ ಮೇಲಿಂದ ಇಳಿದ ನೀರು ಯಾವುದೋ ಬೋಲ್ಟ್ ತಲೆಗೆ ತಾಗಿ ಅಲ್ಲಿಂದ ತೊಟ್ಟಿಕ್ಕುತ್ತೆ, ನಾವು ಆ ಬೋಲ್ಟನ್ನ ಬೈಕೊಂಡು ಟೈಟ್ ಮಾಡ್ತೀವಿ.

ನಾನು ಮಾಡೋದು ಹೀಗೆ. ಬೋಟ್ ಇನ್ನೂ ಟ್ರೈಲರ್ ಮೇಲಿರೋವಾಗ ಟಿಶ್ಯೂ ಪೇಪರನ್ನ ಎರಡು ಬೆರಳಗಲದ ಪಟ್ಟಿ ಮಾಡಿ ಅನುಮಾನ ಇರೋ ಒಂದೊಂದು ಜಾಗದ ಕೆಳಗೂ ಅಂಟಿಸ್ತೀನಿ, ಸ್ಟೇರಿಂಗ್ ಶಾಫ್ಟ್ ಕೆಳಗೆ ಒಂದು, ಗೇರ್ ಕೇಬಲ್ ಒಳಗೆ ಬರೋ ತೂತಿನ ಕೆಳಗೆ ಒಂದು, ವಾಟರ್ ಹೋಸ್ ಫಿಟ್ಟಿಂಗ್ ಕೆಳಗೆ, ಟ್ರಿಮ್ (ಡ್ರೈವನ್ನ ಎತ್ತಿ ಇಳಿಸೋ ವ್ಯವಸ್ಥೆ) ವೈರು ಮತ್ತೆ ಹೈಡ್ರಾಲಿಕ್ ಪೈಪು ಬರೋ ಜಾಗದಲ್ಲಿ, ಟ್ರಾನ್ಸಮ್ ಪ್ಲೇಟಿನ ಒಂದೊಂದು ನಟ್ಟಿನ ಕೆಳಗೆ, ಡ್ರೈನ್ ಪ್ಲಗ್ ಸುತ್ತ. ಬಿಲ್ಜ್ ತಳದಲ್ಲಿ ಸೀಮೆಸುಣ್ಣ ಪುಡಿ ಮಾಡಿ ತೆಳ್ಳಗೆ ಉದುರಿಸ್ತೀನಿ. ಆಮೇಲೆ ಬೋಟನ್ನ ನೀರಿಗೆ ಇಳಿಸಿ, ಟ್ರೈಲರ್ ಬೆಲ್ಟ್ ಬಿಚ್ಚದೆ ಹಾಗೇ, ಟಾರ್ಚ್ ಹಿಡ್ಕೊಂಡು ಇಂಜಿನ್ ಪಕ್ಕ ಬೋರಲು ಮಲಗೋದು. ಮೊದಲ ಹದಿನೈದು ನಿಮಿಷ ಫೋನ್ ಮುಟ್ಬೇಡಿ, ನೋಡ್ತಾನೇ ಇರಿ. ಟಿಶ್ಯೂ ತುದಿ ಮೊದಲು ಬಣ್ಣ ಬದಲಾಗುತ್ತೆ, ಆಮೇಲೆ ನೆನೆದು ಜೋಲುತ್ತೆ, ಸುಣ್ಣದ ಪುಡಿಯಲ್ಲಿ ಬಸವನಹುಳು ಹೋದ ಹಾಗೆ ಒಂದು ಗೆರೆ ಬೀಳುತ್ತೆ. ಯಾವ ಪಟ್ಟಿ ಮೊದಲು ನೆನೀತೋ ಅದೇ ನಿಮ್ಮ ಜಾಗ, ಎಲ್ಲಕ್ಕಿಂತ ಮೇಲಿರೋ ಒದ್ದೆ ಪಟ್ಟಿ ಮುಖ್ಯ, ಕೆಳಗಿನವು ಆಮೇಲೆ ನೆನೆಯೋದು ಸಹಜ.

ನಿಂತಾಗ ಏನೂ ಸಿಗಲಿಲ್ಲ ಅಂದ್ರೆ ಬೋಟನ್ನ ದಡಕ್ಕೆ ತಂದು ಟ್ರೈಲರ್ ಮೇಲೇ ಇಂಜಿನ್ ಓಡಿಸಿ ನೋಡಿ. ಡ್ರೈವಿನ ಪಕ್ಕದಲ್ಲಿ ನೀರೆಳೆಯೋ ಕಿಂಡಿಗಳಿರುತ್ತಲ್ಲ, ಅದಕ್ಕೆ ರಬ್ಬರ್ ಕಪ್ ಇರೋ ಫ್ಲಶ್ ಮಫ್ ಹಾಕಿ, ಪೈಪ್ ಕೂಡ್ಸಿ, ಮೊದಲು ನಲ್ಲಿ ತಿರುಗಿಸಿ ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಉಲ್ಟಾ ಮಾಡಿದ್ರೆ ಪಂಪಿನ ರಬ್ಬರ್ ಇಂಪೆಲ್ಲರ್ ಒಂದೇ ನಿಮಿಷದಲ್ಲಿ ಸುಟ್ಹೋಗುತ್ತೆ. ಪ್ರೊಪೆಲ್ಲರ್ ಬಿಚ್ಚಿಟ್ಟಿರಿ, ಮಕ್ಕಳು ಹತ್ರ ಬರದ ಹಾಗೆ ನೋಡ್ಕೊಳ್ಳಿ. ನೆಲದ ಮೇಲೆ ಓಡಿಸಿದಾಗ್ಲೂ ಬಿಲ್ಜಿಗೆ ನೀರು ಬಂದ್ರೆ ತಪ್ಪು ಇಂಜಿನ್ ಕಡೆಯದ್ದು, ಬೆಲ್ಲೋಸ್ ಬಿಚ್ಚೋ ಖರ್ಚು ಉಳೀತು. ಬರದಿದ್ರೆ ಗೋಡೆ ಕಡೆಯದ್ದು. ಈ ಒಂದು ಪರೀಕ್ಷೆಗೆ ಅರ್ಧ ಗಂಟೆ ಸಾಕು, ಮಾಡ್ದೇ ಡ್ರೈವ್ ಬಿಚ್ಚೋಕೆ ಯಾಕೆ ಹೋಗ್ತಾರೋ ಗೊತ್ತಿಲ್ಲ.

ಇನ್ನೂ ಒಂದು ಉಪಾಯ ಇದೆ, ಟ್ರೈಲರ್ ಮೇಲೆ ಡ್ರೈನ್ ಪ್ಲಗ್ ಹಾಕಿ ಬಿಲ್ಜಿನೊಳಗೇ ನೀರು ತುಂಬಿಸೋದು, ಬಟ್ಟೆಗೆ ಹಾಕೋ ಉಜಾಲಾ ನಾಲ್ಕು ತೊಟ್ಟು ಬೆರೆಸಿ, ಆಮೇಲೆ ಹೊರಗೆ ಬಂದು ಟ್ರಾನ್ಸಮ್ ಹತ್ರ ಕೂತ್ಕೊಂಡು ನೇರಳೆ ಹನಿ ಎಲ್ಲಿ ಕಾಣುತ್ತೆ ನೋಡೋದು. ಹೊರಗಿಂದ ಒಳಗೆ ಬರೋ ದಾರಿಯಲ್ಲೇ ಒಳಗಿಂದ ಹೊರಗೂ ಹೋಗುತ್ತೆ. ಆದ್ರೆ ಸ್ಟಾರ್ಟರ್ ಮೋಟ್ರಿಗಿಂತ ಚೆನ್ನಾಗಿ ಕೆಳಗೇ ನಿಲ್ಲಿಸ್ಬೇಕು, ಒಂದು ಲೀಟರ್ ಅಂದ್ರೆ ಒಂದು ಕೆಜಿ, ಇನ್ನೂರು ಲೀಟರ್ ತುಂಬಿದ್ರೆ ಟ್ರೈಲರಿನ ಹಿಂಭಾಗಕ್ಕೆ ಇನ್ನೂರು ಕೆಜಿ ಜಾಸ್ತಿ ಬಿತ್ತು ಅಂತ ಲೆಕ್ಕ, ಕೆಳಗೆ ಮರದ ದಿಮ್ಮಿ ಕೊಟ್ಟಿರಿ.

ಬೆಲ್ಲೋಸ್ ಹೇಗೆ ನೋಡ್ಬೇಕು

ಡ್ರೈವನ್ನ ಪೂರ್ತಿ ಮೇಲೆತ್ತಿ, ಒಂದು ಸಲ ಪೂರ್ತಿ ಎಡಕ್ಕೆ, ಒಂದು ಸಲ ಪೂರ್ತಿ ಬಲಕ್ಕೆ ತಿರುಗಿಸಿ. ಹಾಗೆ ಮಾಡಿದಾಗ ಮಡಿಕೆಗಳು ಒಂದು ಕಡೆ ಬಿಚ್ಕೊಳ್ಳುತ್ತೆ. ಎರಡೂ ಹೆಬ್ಬೆರಳಲ್ಲಿ ಮಡಿಕೆ ಅಗಲಿಸಿ ಟಾರ್ಚ್ ಬಿಡಿ. ಮಡಿಕೆಯ ಏಣು ನೋಡೋಕೆ ಚೆನ್ನಾಗೇ ಇರುತ್ತೆ, ನೋಡ್ಬೇಕಾಗಿರೋದು ಒಳಗಿನ ಕಣಿವೆ, ಕೂದಲೆಳೆ ಥರ ಬಿರುಕು ಅಲ್ಲೇ ಶುರುವಾಗೋದು. ರಬ್ಬರ್ ಮೆತ್ತಗಿದ್ದು ಬಿಟ್ಟ ತಕ್ಷಣ ವಾಪಸ್ ಬಂದ್ರೆ ಸರಿ, ಬೆರಳಿಗೆ ಕರಿ ಹತ್ತಿದ್ರೆ, ಒತ್ತಿದಾಗ ಬಿಳಿ ಗೆರೆ ಬಿಟ್ರೆ, ಚಕ್ಕೆ ಥರ ಗಟ್ಟಿಯಾಗಿದ್ರೆ ಆಯಸ್ಸು ಮುಗೀತು ಅಂತ. ನಮ್ಮ ಕಡೆ ಇನ್ನೊಂದು ಕಾಟ ಇದೆ, ಗದ್ದೆ ಪಕ್ಕದ ಶೆಡ್ಡಲ್ಲಿ ಬೋಟ್ ನಿಲ್ಸಿದ್ರೆ ಹೆಗ್ಗಣ ಬಂದು ರಬ್ಬರ್ ಕಡಿಯುತ್ತೆ, ಅರ್ಧಚಂದ್ರಾಕಾರದ ಹಲ್ಲಿನ ಗುರುತು ಕಂಡ್ರೆ ಅದೇ.

ಯೂ-ಜಾಯಿಂಟ್ ಬೆಲ್ಲೋಸ್ ಹರಿದ್ರೆ ನೀರು ನೇರ ಬೋಟೊಳಗೆ ಬರಲ್ಲ, ಮೊದಲು ಬೆಲ್ಲೋಸ್ ತುಂಬುತ್ತೆ, ಅಲ್ಲಿ ಶಾಫ್ಟನ್ನ ಹಿಡಿದಿರೋ ಗಿಂಬಲ್ ಬೇರಿಂಗ್ ನೀರಲ್ಲಿ ನೆಂದು ಗ್ರೀಸ್ ತೊಳೆದ್ಹೋಗುತ್ತೆ, ಆಮೇಲೆ ಅದರ ಸೀಲ್ ದಾಟಿ ಒಳಗೆ. ಅದಕ್ಕೆ ಸೋರೋಕ್ಕಿಂತ ಮುಂಚೆ ಸದ್ದು ಬರುತ್ತೆ, ಸ್ಟೇರಿಂಗ್ ತಿರುಗಿಸಿದಾಗ ಹಿಂದಿಂದ ಹಿಟ್ಟಿನ ಗಿರಣಿ ಥರ ಗೊರಗೊರ ಅಂತ. ಆ ಸದ್ದು ಕೇಳಿದ್ರೆ ಇನ್ನೊಂದು ಟ್ರಿಪ್ ಮುಗಿಸ್ಕೊಂಡು ನೋಡೋಣ ಅನ್ಬೇಡಿ.

ಗೇರ್ ಕೇಬಲ್ ಬೆಲ್ಲೋಸ್ ಸಣ್ಣದು, ಅದಕ್ಕೇ ಯಾರೂ ನೋಡಲ್ಲ. ಅದು ಹರಿದ್ರೆ ಮಧ್ಯೆ ತಡೆಯೋಕೆ ಬೇರಿಂಗೂ ಇಲ್ಲ ಏನೂ ಇಲ್ಲ, ಸೀದಾ ಒಳಗೆ. ಲೆಕ್ಕ ಹಾಕಿ ನೋಡಿ, ನೀರಿನ ಮಟ್ಟದಿಂದ ಒಂದಡಿ ಕೆಳಗೆ ಒಂದಿಂಚು ಅಗಲದ ತೂತಾದ್ರೆ ನಿಮಿಷಕ್ಕೆ ಸುಮಾರು 40 ಲೀಟರಿಗೂ ಮೇಲೆ ನೀರು ನುಗ್ಗುತ್ತೆ, ಸಣ್ಣ ಬೋಟಲ್ಲಿರೋ, ಗಂಟೆಗೆ 500 ಗ್ಯಾಲನ್ನಿನ ಪಂಪು ಬಾಕ್ಸ್ ಮೇಲೆ ಬರೆದಿರೋ ಪ್ರಕಾರವೇ ನಿಮಿಷಕ್ಕೆ 30 ಲೀಟರ್ ಚಿಲ್ರೆ ಹೊರಗೆ ಹಾಕೋದು. ಪಂಪಿದೆ ಅಂತ ಧೈರ್ಯವಾಗಿರೋಕೆ ಆಗಲ್ಲ. ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಯೇ ಸೀಳಿದ್ರೂ ನೀರು ಕೇಬಲ್ ಒಳಗೇ ಹರ್ಕೊಂಡು ಬಂದು ಇಂಜಿನ್ ಮೇಲಿರೋ ಗೇರ್ ಬ್ರಾಕೆಟ್ ಹತ್ರ ತೊಟ್ಟಿಕ್ಕೋದುಂಟು, ಅದನ್ನೂ ನೋಡಿ.

ಸರಿ ಮಾಡೋದು

ಸುಲಭದ್ದು ಮೊದಲು. ಡ್ರೈನ್ ಪ್ಲಗ್ ಬಿಚ್ಚಿ ಥ್ರೆಡ್ ನೋಡಿ, ಟೆಫ್ಲಾನ್ ಟೇಪ್ ಸುತ್ತಿ ಹಾಕಿ, ಅದ್ರ ಹಿತ್ತಾಳೆ ಫ್ಲಾಂಜಿನ ಸ್ಕ್ರೂ ಸಡಿಲ ಇದ್ರೆ ಬಿಚ್ಚಿ ಮೆರೈನ್ ಸೀಲಂಟ್ ಹಚ್ಚಿ ಮತ್ತೆ ಕೂರಿಸಿ. ಹೋಸ್ ಕ್ಲಿಪ್ಪೆಲ್ಲ ಒಂದೊಂದಾಗಿ ಮ್ಯಾಗ್ನೆಟ್ ಹಿಡಿದು ನೋಡಿ, ಒಳ್ಳೆ ಸ್ಟೀಲ್ ಕ್ಲಿಪ್ಪಿಗೆ ಮ್ಯಾಗ್ನೆಟ್ ಅಂಟಲ್ಲ, ಎಷ್ಟೋ ಸಲ ಪಟ್ಟಿ ಸ್ಟೀಲಿದ್ದು ಸ್ಕ್ರೂ ಮಾತ್ರ ಕಬ್ಬಿಣದ್ದಿರುತ್ತೆ, ಅದು ತುಕ್ಕು ಹಿಡಿದು ಪುಡಿಯಾದ್ರೆ ಪಟ್ಟಿ ಎಷ್ಟು ಹೊಳೆದ್ರೂ ಪ್ರಯೋಜನ ಇಲ್ಲ. ಬದಲಾಯಿಸ್ಬಿಡಿ, ನೀರಿನ ಮಟ್ಟದಿಂದ ಕೆಳಗಿರೋ ಹೋಸಿಗೆ ಎರಡೆರಡು ಹಾಕಿ.

ಬೆಲ್ಲೋಸಿಗೆ ಎಂ-ಸೀಲ್, ಸೊಲ್ಯೂಷನ್, ಪಂಚರ್ ಪ್ಯಾಚು ಏನೂ ನಿಲ್ಲಲ್ಲ, ಅದು ಪ್ರತಿ ಕ್ಷಣ ಬಾಗೋ ರಬ್ಬರು. ಹೊಸದೇ ಹಾಕ್ಬೇಕು, ಒಂದು ಹೋಗಿದ್ರೆ ಮೂರೂ ಹಾಕಿ, ಯಾಕಂದ್ರೆ ಸಾಮಾನಿಗಿಂತ ಬಿಚ್ಚೋ ಕೂಲಿನೇ ದೊಡ್ಡದು. ಮೈಸೂರಲ್ಲಿ ಅಂಗಡಿಗೆ ಹೋಗಿ ಕೇಳಿದ್ರೆ ಸಿಗೋ ಸಾಮಾನಲ್ಲ, ಹೊರಗಿಂದ ತರಿಸ್ಬೇಕು, ಡ್ರೈವಿನ ಮತ್ತೆ ಟ್ರಾನ್ಸಮ್ಮಿನ ಸೀರಿಯಲ್ ನಂಬರ್ ಫೋಟೋ ತೆಗೆದು ಕಳಿಸಿ ಅದೇ ಮಾಡೆಲ್ಲಿಗೆ ತರಿಸಿ, ನೋಡೋಕೆ ಒಂದೇ ಥರ ಇದೆ ಅಂತ ಬೇರೆಯದನ್ನ ಹಾಕ್ಬೇಡಿ.

ಮರ್ಕ್ರೂಸರ್ ಕಂಪನಿಯ ಆಲ್ಫಾ ಅನ್ನೋ ಡ್ರೈವಿನ ಲೆಕ್ಕದಲ್ಲಿ ಹೇಳ್ತೀನಿ, ಬೇರೆಯದಾದ್ರೆ ಅದ್ರ ಸರ್ವೀಸ್ ಮ್ಯಾನ್ಯುಯಲ್ ನೋಡಿ. ಗೇರನ್ನ ಫಾರ್ವರ್ಡಿಗೆ ಹಾಕಿ, ಇದನ್ನ ಮರೆತ್ರೆ ಡ್ರೈವ್ ಈಚೆಗೆ ಬರಲ್ಲ, ಜೋರು ಮಾಡಿದ್ರೆ ಒಳಗೆ ಶಿಫ್ಟ್ ಶಾಫ್ಟ್ ಕಡೆ ಏನಾದ್ರೂ ಮುರಿಯುತ್ತೆ. ಟ್ರಿಮ್ ಸಿಲಿಂಡರ್ ಎರಡನ್ನೂ ಹಿಂದಿನ ಪಿನ್ನಿಂದ ಬಿಡಿಸಿ ಕಟ್ಟಿ. ಡ್ರೈವಿಗೆ ಚೈನ್ ಬ್ಲಾಕ್ ಕೊಟ್ಟು ಭಾರ ಹಿಡಿಸಿ, ಆಮೇಲೆ ಸುತ್ತ ಇರೋ ಆರು ನಟ್ ಬಿಚ್ಚಿ ನೇರ ಹಿಂದಕ್ಕೆ ಎಳೀರಿ. ಇಬ್ಬರು ಹುಡುಗರು ಹಿಡ್ಕೋತಾರೆ ಬಿಡಿ ಅಂತ ಕೈಯಲ್ಲಿ ಇಳಿಸೋಕೆ ಹೋಗ್ಬೇಡಿ, ಕಾಲ್ಬೆರಳು ಜಜ್ಜಿಸ್ಕೊಂಡವರನ್ನ ನೋಡಿದೀನಿ.

ಡ್ರೈವ್ ಬಂದ ತಕ್ಷಣ ಯೂ-ಜಾಯಿಂಟ್ ನೋಡಿ. ಒಣಗಿದ್ದು ಗ್ರೀಸ್ ಹಾಗೇ ಇದ್ರೆ ಆ ಬೆಲ್ಲೋಸ್ ತಪ್ಪಿಲ್ಲ. ಟೀ ಡಿಕಾಕ್ಷನ್ ಬಣ್ಣದ ನೀರು ಸುರಿದ್ರೆ, ಕೆಂಪು ತುಕ್ಕು ಕೂತಿದ್ರೆ ಕಳ್ಳ ಸಿಕ್ಕ. ಒಳಗೆ ಬೆರಳು ಹಾಕಿ ಗಿಂಬಲ್ ಬೇರಿಂಗ್ ತಿರುಗಿಸಿ, ಎಣ್ಣೆ ಹಾಕಿದ ಹಾಗೆ ಸಲೀಸಾಗಿ ತಿರುಗ್ಬೇಕು, ಮರಳು ಸಿಕ್ಕಿದ ಹಾಗೆ ಕರಕರ ಅಂದ್ರೆ ಬೇರಿಂಗೂ ಹೊಸದು, ಅದ್ರ ಹಿಂದಿನ ಸೀಲೂ ಹೊಸದು, ಪುಲ್ಲರ್ ಹಾಕಿ ಎಳೆದು ತೆಗೀಬೇಕು.

ಬೆಲ್ಲೋಸ್ ಬದಲಾಯಿಸೋಕೆ ಬೆಲ್ ಹೌಸಿಂಗ್ ಕೂಡ ಬಿಚ್ಬೇಕು, ಎರಡೂ ಪಕ್ಕದ ಹಿಂಜ್ ಪಿನ್ನಿಗೆ ವಿಶೇಷ ಅಲನ್ ಕೀ ಬೇಕು, ಸಾದಾ ಅಲನ್ ಕೀ ಒಳಗೆ ಹೋಗಲ್ಲ. ಅಳತೆ ಗೊತ್ತಿದ್ರೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಯಾವುದಾದ್ರೂ ಲೇತ್ ಅಂಗಡಿಯಲ್ಲಿ ಗಟ್ಟಿ ರಾಡಲ್ಲಿ ಮಾಡಿಸ್ಕೋಬಹುದು. ಆ ಪಿನ್ನಿಗೆ ಲಾಕ್‌ಟೈಟ್ ಹಾಕಿರ್ತಾರೆ, ಬಿಗಿಯಾಗಿರುತ್ತೆ, ಅವಸರ ಮಾಡಿ ಅಂಚು ಉರುಟಾಗಿಸಿದ್ರೆ ಆಮೇಲೆ ಡ್ರಿಲ್ ಮಾಡಿ ತೆಗೆಯೋ ಪಾಡು.

ಹಳೇ ರಬ್ಬರ್ ಕಿತ್ತ ಮೇಲೆ ಅಲ್ಯೂಮಿನಿಯಂ ಕೊರಳಿನ ಮೇಲೆ ಹಳೇ ಅಂಟು, ಬಿಳಿ ಪುಡಿ ಕೂತಿರುತ್ತೆ. ಸಮುದ್ರದಿಂದ ಬಂದ ಬೋಟಾದ್ರೆ ಬಿಳಿ ಪುಡಿ ಜಾಸ್ತಿ, ಅದು ಉಪ್ಪು ತಿಂದ ಅಲ್ಯೂಮಿನಿಯಂ. ಸ್ಕ್ರೇಪರಲ್ಲಿ ಮೆಲ್ಲಗೆ ಕೆರೆದು, ಎಮರಿ ಪೇಪರಲ್ಲಿ ಉಜ್ಜಿ, ಥಿನ್ನರಲ್ಲಿ ಒರೆಸಿ ಉಗುರಲ್ಲಿ ಗೀರಿ ನೋಡಿದ್ರೆ ಏನೂ ತಡೀಬಾರ್ದು. ಹೊಸ ಬೆಲ್ಲೋಸ್ ಸೋರ್ತಿದೆ ಅಂತ ಬರೋ ಬೋಟಲ್ಲಿ ನಾನು ಜಾಸ್ತಿ ನೋಡಿರೋದು ಇದೇ ತಪ್ಪು, ಅಂಟಿನ ಚೂರೊಂದು ಅಡಿಯಲ್ಲಿ ಉಳಿದು ಅದ್ರ ಪಕ್ಕದಲ್ಲಿ ನೀರು ಬರೋದು. ಆಮೇಲೆ ಬೆಲ್ಲೋಸ್ ಅಂಟನ್ನ ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಟ್ರೆ ಅಂಟಬೇಕು ಆದ್ರೆ ಬೆರಳಿಗೆ ಬರಬಾರ್ದು, ಆ ಹದಕ್ಕೆ ಬಂದಾಗ ಕೂರಿಸಿ. ರಬ್ಬರಿನ ಮೇಲೆ ಮೇಲ್ಭಾಗ ಯಾವುದು ಅಂತ ಗುರುತಿರುತ್ತೆ, ಅದು ಮೇಲಕ್ಕೇ ಬರ್ಬೇಕು. ಕ್ಲಿಪ್ಪಿನ ಸ್ಕ್ರೂ ತಲೆ ಡ್ರೈವ್ ತಿರುಗಿದಾಗ ಎಲ್ಲಿಗೂ ತಾಗದ ಕಡೆ ಇರಲಿ, ಹಳೇದು ಹೇಗಿತ್ತು ಅಂತ ಬಿಚ್ಚೋ ಮುಂಚೆ ಫೋಟೋ ತೆಗೆದಿಟ್ಕೊಳ್ಳಿ. ಕ್ಲಿಪ್ ಕೆಳಗೆ ಅರ್ಥಿಂಗ್ ತಗಡಿನ ಚೂರಿದ್ರೆ ಎಸೀಬೇಡಿ, ಅದು ಎರಡೂ ಕಡೆಯ ಲೋಹ ಜೋಡಿಸೋದಕ್ಕಿರೋದು, ಇಲ್ಲದಿದ್ರೆ ಆನೋಡ್, ಅಂದ್ರೆ ಡ್ರೈವಿನ ಬದಲು ತಾನು ಸವೆಯೋ ಲೋಹದ ತುಂಡು, ಕಾಯೋದು ಒಂದು ಕಡೆ ಮಾತ್ರ. ಆನೋಡ್ ಅಂದ ಮೇಲೆ ಇದೂ ನೆನಪಿರಲಿ, ಸಮುದ್ರದ ಬೋಟಿಗೆ ಹಾಕಿರೋ ಜಿಂಕ್ ಆನೋಡ್ ನಮ್ಮ ಸಿಹಿನೀರಲ್ಲಿ ಸರಿಯಾಗಿ ಕೆಲಸ ಮಾಡಲ್ಲ, ಮೆಗ್ನೀಸಿಯಂ ಹಾಕಿ.

ವಾಪಸ್ ಜೋಡಿಸೋಕ್ಕಿಂತ ಮುಂಚೆ ಅಲೈನ್‌ಮೆಂಟ್ ಬಾರ್ ಹಾಕಿ ಇಂಜಿನ್ನೂ ಡ್ರೈವೂ ಒಂದೇ ಸಾಲಲ್ಲಿದ್ಯಾ ಅಂತ ನೋಡ್ಲೇಬೇಕು. ಗಿಂಬಲ್ ಬೇರಿಂಗ್ ಮೂಲಕ ಇಂಜಿನ್ ಕಪ್ಲರ್ ತನಕ ಆ ರಾಡು ಎರಡು ಬೆರಳಲ್ಲಿ ಹಿಡಿದು ತಳ್ಳಿದ್ರೆ ಹೋಗ್ಬೇಕು, ಎಳೆದ್ರೆ ಬರ್ಬೇಕು. ಸಿಕ್ಕಿಹಾಕ್ಕೊಂಡ್ರೆ ಇಂಜಿನ್ನಿನ ಮುಂದಿನ ಮೌಂಟ್ ನಟ್ಟಲ್ಲಿ ಎತ್ತರ ಅಡ್ಜಸ್ಟ್ ಮಾಡಿ. ಇದನ್ನ ಬಿಟ್ರೆ ಆರೇ ತಿಂಗಳಿಗೆ ಕಪ್ಲರಿನ ಹಲ್ಲು ಸವೆಯುತ್ತೆ, ಆಗ ಇಂಜಿನ್ನೇ ಎತ್ಬೇಕು. ಡ್ರೈವಿಗೂ ಬೆಲ್ ಹೌಸಿಂಗಿಗೂ ಮಧ್ಯೆ ಇರೋ ಗ್ಯಾಸ್ಕೆಟ್, ನೀರು ದಾಟೋ ಜಾಗದ ಓರಿಂಗ್ ಹೊಸದು ಹಾಕಿ, ಶಾಫ್ಟ್ ತುದಿಯ ಹಲ್ಲುಗಳಿಗೆ, ಅಂದ್ರೆ ಸ್ಪ್ಲೈನಿಗೆ, ಗ್ರೀಸ್ ಹಚ್ಚಿ, ಆರು ನಟ್ಟನ್ನ 50 ಫೂಟ್ ಪೌಂಡ್, ಅಂದ್ರೆ ಸುಮಾರು 68 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಲ್ಲಿ ಬಿಗಿ ಮಾಡಿ.

ಸ್ಟೇರಿಂಗ್ ಶಾಫ್ಟ್ ಸೀಲ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಮೊದಲು ಗ್ರೀಸ್ ನಿಪ್ಪಲ್ ಇದ್ರೆ ಮೆರೈನ್ ಗ್ರೀಸ್ ಹೊಡೀರಿ, ಸಣ್ಣ ಸೋರಿಕೆ ಸ್ವಲ್ಪ ದಿನ ನಿಲ್ಲುತ್ತೆ, ಡ್ರೈವನ್ನ ಕೈಯಲ್ಲಿ ಅಲ್ಲಾಡಿಸಿದ್ರೆ ಶಾಫ್ಟೇ ಆಡ್ತಿದೆ ಅಂದ್ರೆ ಬುಶ್, ಸೀಲ್ ಎರಡೂ ಬದಲಾಯಿಸೋ ದೊಡ್ಡ ಕೆಲಸ, ಗೊತ್ತಿರೋವ್ರ ಕೈಯಲ್ಲೇ ಮಾಡ್ಸಿ.

ಟ್ರಾನ್ಸಮ್ ಸೋರ್ತಿದ್ರೆ

ಇದು ಎಲ್ಲಕ್ಕಿಂತ ನೋವಿನ ವಿಷಯ. ಫೈಬರ್ ಬೋಟು ಅಂದ್ರೂ ಎಷ್ಟೋ ಬೋಟಲ್ಲಿ ಟ್ರಾನ್ಸಮ್ ಒಳಗೆ ಪ್ಲೈವುಡ್ ಇರುತ್ತೆ, ಎರಡೂ ಕಡೆ ಫೈಬರ್ ಹೊದಿಕೆ. ಗ್ಯಾಸ್ಕೆಟ್ ಸೋರಿದ್ರೆ ಕಿಂಡಿಯ ಅಂಚಿಂದ ಆ ಮರ ನೀರು ಕುಡಿಯುತ್ತೆ. ಸ್ಕ್ರೂಡ್ರೈವರ್ ಹಿಡಿಯಲ್ಲಿ ಪ್ಲೇಟ್ ಸುತ್ತ ತಟ್ಟುತ್ತಾ ಹೋಗಿ, ಗಟ್ಟಿ ಜಾಗ ಠಕ್ ಠಕ್ ಅನ್ನುತ್ತೆ, ಕೊಳೆತ ಜಾಗ ಹಲಸಿನ ಹಣ್ಣಿಗೆ ತಟ್ಟಿದ ಹಾಗೆ ಬದಬದ ಅನ್ನುತ್ತೆ. ಅನುಮಾನ ಬಂದ್ರೆ ಒಳಗಡೆಯಿಂದ, ಹೊರ ಹೊದಿಕೆ ತೂತಾಗದ ಹಾಗೆ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡ್ಕೊಂಡು ಸಣ್ಣ ತೂತು ಹಾಕಿ, ತಿಳಿಬಣ್ಣದ ಒಣ ಹೊಟ್ಟು ಬಂದ್ರೆ ಪುಣ್ಯ, ಕರ್ರಗೆ ಒದ್ದೆ ಗೊಜ್ಜು ಬಂದ್ರೆ ಮರ ಹೋಗಿದೆ. ನೋಡಿದ ಮೇಲೆ ತೂತಿಗೆ ಎಪಾಕ್ಸಿ ತುಂಬಿ.

ಮರ ಗಟ್ಟಿಯಿದ್ರೆ ಪ್ಲೇಟಿನ ನಟ್ಟುಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ 20ರಿಂದ 25 ಫೂಟ್ ಪೌಂಡಿಗೆ ಬಿಗಿ ಮಾಡಿ ನೋಡಿ, ಅಷ್ಟಕ್ಕೇ ನಿಂತಿರೋದನ್ನ ನೋಡಿದೀನಿ. ಬಿಗಿ ಮಾಡಿದಷ್ಟೂ ನಟ್ ಒಳಗೆ ಹೋಗ್ತಾನೇ ಇದ್ರೆ ಅಲ್ಲೇ ನಿಲ್ಲಿಸಿ, ನೀವು ಕೊಳೆತ ಮರ ಹಿಂಡ್ತಿದೀರ. ಮರ ಹೋಗಿದ್ರೆ ಗೋಂದು ಯಾವುದೂ ಕೆಲಸಕ್ಕೆ ಬರಲ್ಲ, ಇಂಜಿನ್ ಎತ್ತಿ ಟ್ರಾನ್ಸಮ್ ಕಟ್ಟಿಸ್ಬೇಕು, ಮರ್ಕ್ರೂಸರ್ ಡ್ರೈವಿಗೆ ಆ ಗೋಡೆ 2ರಿಂದ 2¼ ಇಂಚು ದಪ್ಪ, ಎರಡೂ ಮುಖ ಸಮಾನಾಂತರ ಇರ್ಲೇಬೇಕು. ಅಷ್ಟು ಖರ್ಚು ಬೋಟಿನ ಬೆಲೆಗೆ ತೂಗುತ್ತಾ ಅಂತ ಮನೆಯವರ ಜೊತೆ ಕೂತು ಯೋಚನೆ ಮಾಡಿ. ಸೆಕೆಂಡ್ ಹ್ಯಾಂಡ್ ಬೋಟ್ ಕೊಳ್ಳೋಕೆ ಹೋಗೋವಾಗ್ಲೇ ಈ ತಟ್ಟೋ ಪರೀಕ್ಷೆ ಮಾಡಿಬಿಟ್ರೆ ಎಷ್ಟೋ ದುಡ್ಡು ಉಳಿಯುತ್ತೆ.

ನೀರ ಮಧ್ಯೆ ಗೊತ್ತಾದ್ರೆ

ಮೊದಲು ಎಲ್ಲರಿಗೂ ಲೈಫ್ ಜಾಕೆಟ್, ಆಮೇಲೆ ರಿಪೇರಿ ಮಾತು. ಹತ್ತಿರದ ದಡಕ್ಕೆ ನೇರವಾಗಿ, ನಿಧಾನವಾಗಿ, ಸ್ಟೇರಿಂಗ್ ಆದಷ್ಟು ಕಮ್ಮಿ ತಿರುಗಿಸಿ ಹೋಗಿ, ತಿರುಗಿಸಿದಷ್ಟೂ ಹರಿದ ಮಡಿಕೆ ಬಾಯ್ಬಿಡುತ್ತೆ. ಬೇಸಿಗೆಯಲ್ಲಿ ಕಬಿನಿ ನೀರಿಳಿದಾಗ ಮುಳುಗಿರೋ ಮರದ ಬೊಡ್ಡೆಗಳು ಒಂದಡಿ ಕೆಳಗೇ ಇರುತ್ತೆ, ಅವಸರದಲ್ಲಿ ಅದಕ್ಕೆ ಹೊಡೆದ್ರೆ ಸಣ್ಣ ಸೋರಿಕೆ ದೊಡ್ಡದಾಗುತ್ತೆ. ಗೇರ್ ಕೇಬಲ್ ಬೆಲ್ಲೋಸ್ ಹರಿದಿರೋದು ಗೊತ್ತಾಗಿ ಕೈಗೆ ಎಟುಕಿದ್ರೆ, ಇಂಜಿನ್ ಆಫ್ ಮಾಡಿ ಹಳೇ ಸೈಕಲ್ ಟ್ಯೂಬನ್ನ ಎರಡಿಂಚು ಪಟ್ಟಿ ಕತ್ತರಿಸಿ ಎಳೆದೆಳೆದು ಒಂದರ ಮೇಲೊಂದು ಸುತ್ತಿ ಕಟ್ಟಿ, ದಡ ಸೇರೋ ತನಕ ತಡೆಯುತ್ತೆ. ನಾನು ಟೂಲ್ ಬಾಕ್ಸಲ್ಲಿ ಯಾವಾಗ್ಲೂ ಒಂದು ಸುರುಳಿ ಇಟ್ಟಿರ್ತೀನಿ.

ಸರಿ ಮಾಡಿದ ಮೇಲೆ ಮತ್ತೆ ಅದೇ ಟಿಶ್ಯೂ ಪರೀಕ್ಷೆ. ಹದಿನೈದು ನಿಮಿಷ ನಿಂತು, ಆಮೇಲೆ ಅರ್ಧ ಗಂಟೆ ಓಡಿಸಿ, ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ರಿವರ್ಸ್ ಹಾಕಿ, ಥಟ್ಟಂತ ನಿಲ್ಲಿಸಿ, ಒಂದೊಂದಾದ ಮೇಲೂ ಕವರ್ ಎತ್ತಿ ನೋಡಿ. ಮೊದಲ ರಾತ್ರಿ ಯಾರಾದ್ರೂ ಹತ್ರ ಇರಲಿ, ಬೆಳಗ್ಗೆ ಬಿಲ್ಜಿಂದ ಸ್ಪಾಂಜಲ್ಲಿ ಹಿಂಡಿ ಎಷ್ಟು ನೀರು ಅಂತ ಲೋಟದಲ್ಲಿ ಅಳೆಯಿರಿ, ಗಂಟೆಗೆ ಒಂದು ಲೋಟ ಅಂದ್ರೆ ದಿನಕ್ಕೆ ಆರು ಲೀಟರ್, ಅದನ್ನ ಸಣ್ಣದು ಅಂತ ಬಿಡಬೇಡಿ. ಪಂಪಿನ ವೈರಿಗೆ ಒಂದು ಸಣ್ಣ ಲೈಟು ಅಥವಾ ಬಜರ್ ಹಾಕ್ಸಿ, ಪಂಪ್ ಓಡಿದಾಗೆಲ್ಲ ಗೊತ್ತಾಗ್ಬೇಕು. ಕಬಿನಿಯ ಆ ಬೋಟಿಗೆ ಈಗ ಅದನ್ನ ಹಾಕಿದೀವಿ, ಕಾವಲಿಗಿರೋ ಹುಡುಗ ಬಜರ್ ಕೂಗಿದಾಗೆಲ್ಲ ಟೈಮ್ ಸಮೇತ ನೋಟ್‌ಬುಕ್ಕಲ್ಲಿ ಬರೀತಾನೆ, ವಾರಕ್ಕೊಂದ್ಸಲ ಆ ಪುಟದ ಫೋಟೋ ನಂಗೆ ಕಳಿಸ್ತಾನೆ.

ಬೆಲ್ಲೋಸನ್ನ ವರ್ಷಕ್ಕೊಂದ್ಸಲ ನೋಡಿ, ನಾನಂತೂ ಮೂರನೇ ವರ್ಷಕ್ಕೆ ಚೆನ್ನಾಗಿ ಕಂಡ್ರೂ ಬದಲಾಯಿಸ್ತೀನಿ. ಬೋಟ್ ನಿಲ್ಸಿರೋವಾಗ ಡ್ರೈವ್ ಕೆಳಗೆ ಇಳಿಸಿರಿ, ಎತ್ತಿಟ್ರೆ ರಬ್ಬರ್ ಎಳೆದ ಹಾಗೇ ಇದ್ದು ಅದೇ ಆಕಾರಕ್ಕೆ ಗಟ್ಟಿಯಾಗುತ್ತೆ. ಮಾರ್ಚ್ ಏಪ್ರಿಲ್ ಬಿಸಿಲು ನೇರ ಬೀಳದ ಹಾಗೆ ಹಿಂಭಾಗಕ್ಕೆ ಗೋಣಿಚೀಲವಾದ್ರೂ ಹೊದಿಸಿ, ಆದ್ರೆ ಅದ್ರೊಳಗೆ ಹೆಗ್ಗಣ ಸೇರ್ಕೊಂಡಿದ್ಯಾ ಅಂತ ವಾರಕ್ಕೊಮ್ಮೆ ಎತ್ತಿ ನೋಡ್ತಿರಿ.